ಹಳೇ ಪಿಕಪ್ ರಿಪೇರಿ: ಮೊದಲು ತುಕ್ಕು ಕತ್ತರಿಸಿ, ಬಣ್ಣ ಆಮೇಲೆ

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಹಳೇ ಪಿಕಪ್‌ಗಳು ಇನ್ನೂ ಸಿಗುತ್ತವೆ. ಮಾವಿನ ತೋಪಿನ ಮೂಲೆಯಲ್ಲೋ, ಪಂಪ್‌ಹೌಸ್ ಪಕ್ಕದಲ್ಲೋ ಗಾಳಿ ಇಳಿದ ಟೈರಿನ ಮೇಲೆ ನಿಂತಿರುತ್ತವೆ. ಮಹೀಂದ್ರ 1965ರಲ್ಲಿ ತಯಾರಿಸಲು ಶುರು ಮಾಡಿದ ಎಫ್‌ಸಿ 150 ಅಂಥ ಒಂದು ಗಾಡಿ. ಮುಂದೆ ಬಾನೆಟ್ ಚಾಚಿರುವುದಿಲ್ಲ, ಡ್ರೈವರ್ ಇಂಜಿನ್ ಪಕ್ಕದಲ್ಲೇ ಕೂರುತ್ತಾನೆ. ಜೀಪಿಗೆ ಹಿಂದೆ ಬಾಡಿ ಕಟ್ಟಿಸಿದವು, ಮೆಟಡಾರ್ ಪಿಕಪ್‌ಗಳು, 1988ರಲ್ಲಿ ಬಂದ ಟಾಟಾಮೊಬೈಲ್ ಕೂಡ ಅಲ್ಲಲ್ಲಿ ಕಾಣುತ್ತವೆ. ಇವನ್ನು ಮತ್ತೆ ರಸ್ತೆಗೆ ತರಬೇಕು ಎನ್ನುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಒಬ್ಬರಿಗೊಬ್ಬರು ಪಾರ್ಟು ಹುಡುಕಿ ಕೊಡುತ್ತಾರೆ, ಜ್ಯಾಕು ಪಾನಾ ಎರವಲು ಕೊಡುತ್ತಾರೆ, ಭಾನುವಾರ ಬಂದು ಕೈ ಜೋಡಿಸುತ್ತಾರೆ. ಇದು ತುಂಬಾ ಒಳ್ಳೆಯ ವಿಷಯ.

ಆದರೆ ಬಹಳ ಜನ ಒಂದೇ ಕಡೆ ಎಡವುವುದನ್ನು ನೋಡುತ್ತಾ ಬಂದಿದ್ದೇನೆ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿ, ಹೊಳೆಯುವ ಬಣ್ಣ ಹೊಡೆಸಿ, ಗಾಡಿ ರೆಡಿ ಎನ್ನುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆ ಏಳುತ್ತದೆ, ಪುಟ್ಟಿ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಇಂಜಿನ್ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಎಲ್ಲ ಊರಲ್ಲೂ ಸಿಗುತ್ತಾರೆ. ಗಾಡಿಯ ಆಯಸ್ಸು ನಿಂತಿರುವುದು ತಗಡಿನ ಕೆಲಸದ ಮೇಲೆ. ಹಾಗಾಗಿ ಈ ಲೇಖನದಲ್ಲಿ ಅದಕ್ಕೇ ಜಾಸ್ತಿ ಜಾಗ.

1. ಕಾಗದ ಪತ್ರ

ದುಡ್ಡು ಕೊಡುವ ಮುಂಚೆ ಆರ್‌ಸಿ ನೋಡಿ. ಚಾಸಿ (ಗಾಡಿಯ ತಳದ ಕಬ್ಬಿಣದ ಚೌಕಟ್ಟು) ಮೇಲೆ ಹೊಡೆದಿರುವ ನಂಬರ್ ಆರ್‌ಸಿ ಜೊತೆ ಹೊಂದಬೇಕು. ನಂಬರ್ ಕಾಣದಿದ್ದರೆ ಸೀಮೆಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಅಲ್ಲಿಗೆ ಗ್ರೈಂಡರ್ ಹಿಡಿಯಲೇಬೇಡಿ, ಉಜ್ಜಿಹೋದ ನಂಬರಿಗೆ ಆರ್‌ಟಿಒದಲ್ಲಿ ಉತ್ತರ ಕೊಡುವುದು ಕಷ್ಟ.

ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಸ್ವಂತ ಬಳಕೆಯ ಗಾಡಿಗೆ 2021ರಲ್ಲಿ ಬಂದ ಕೇಂದ್ರದ ನಿಯಮದಡಿ ವಿಂಟೇಜ್ ನೋಂದಣಿ ಸಿಗಬಹುದು, ನಿಮ್ಮ ಪಿಕಪ್‌ಗೆ ಅದು ಅನ್ವಯಿಸುತ್ತದೆಯೇ ಎಂದು ಆರ್‌ಟಿಒದಲ್ಲಿ ಮೊದಲೇ ಕೇಳಿ. ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಆ ಗಾಡಿಯಲ್ಲಿ ಬಾಡಿಗೆ ಲೋಡು ಹೊಡೆಯುವಂತಿಲ್ಲ, ದಿನನಿತ್ಯ ಓಡಾಡುವಂತೆಯೂ ಇಲ್ಲ. ರ್‍ಯಾಲಿ, ಪ್ರದರ್ಶನ, ಇಂಧನ ತುಂಬಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಇನ್ನೊಂದು ಮುಖ್ಯ ಷರತ್ತು: ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ಮೂಲ ಪೆಟ್ರೋಲ್ ಇಂಜಿನ್ ಕಿತ್ತು ಯಾವುದೋ ಡೀಸೆಲ್ ಇಂಜಿನ್ ಕೂರಿಸಿ ಎಂದು ಗ್ಯಾರೇಜಿನವರು ಸಲಹೆ ಕೊಟ್ಟರೆ ಒಪ್ಪಬೇಡಿ. ಹಳೇ ಇಂಜಿನ್ ಗುಜರಿಗೆ ಹೋದ ಮೇಲೆ ವಾಪಸ್ ಬರುವುದಿಲ್ಲ.

2. ಬಿಚ್ಚುವುದು

ಬಿಚ್ಚುವ ಮುಂಚೆ ಪ್ರತಿ ಭಾಗದ ಫೋಟೊ ತೆಗೆಯಿರಿ. ಬೋಲ್ಟು ನಟ್ಟುಗಳನ್ನು ಬೇರೆ ಬೇರೆ ಪ್ಲಾಸ್ಟಿಕ್ ಕವರಿಗೆ ಹಾಕಿ ಹೆಸರು ಬರೆಯಿರಿ. ಅಷ್ಟೇ.

3. ತುಕ್ಕು ಎಲ್ಲೆಲ್ಲಿದೆ

ನಮ್ಮದು ಒಣ ಸೀಮೆ, ಮಂಗಳೂರಿನ ಗಾಡಿಗಳಷ್ಟು ತುಕ್ಕು ಇಲ್ಲಿ ಇರುವುದಿಲ್ಲ ಎಂದು ಜನ ಧೈರ್ಯವಾಗಿರುತ್ತಾರೆ. ಹೊರಗಿನ ತಗಡಿನ ಮಟ್ಟಿಗೆ ಅದು ನಿಜ. ಹಿಂದಿನ ಬಾಡಿಯ ಕಥೆ ಬೇರೆ. ಈ ಗಾಡಿಗಳು ಎಪಿಎಂಸಿಗೆ ಟೊಮೆಟೊ ಹೊತ್ತಿವೆ, ಹೊಲಕ್ಕೆ ಗೊಬ್ಬರ ಹೊತ್ತಿವೆ. ಟೊಮೆಟೊ ರಸ ಹುಳಿ. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇದೆ, ಅಡುಗೆ ಉಪ್ಪಿನಲ್ಲಿ ಇರುವುದೂ ಅದೇ. ಚೀಲದಿಂದ ಉದುರಿದ ಪುಡಿ ಮೂಲೆಗಳಲ್ಲಿ, ತಗಡಿನ ಮಡಿಕೆಗಳಲ್ಲಿ ಸೇರಿಕೊಂಡು ಗಾಳಿಯ ತೇವ ಹೀರುತ್ತಾ ವರ್ಷಗಟ್ಟಲೆ ಕಬ್ಬಿಣ ತಿನ್ನುತ್ತದೆ.

ಆದ್ದರಿಂದ ಹುಡುಕಬೇಕಾದ ಜಾಗ ಇವು: ಹಿಂದಿನ ಬಾಡಿಯ ಮುಂಭಾಗದ ಎರಡು ಮೂಲೆ, ಬಾಡಿಯ ತಳ ಅಡ್ಡಪಟ್ಟಿಯ ಮೇಲೆ ಕೂರುವ ಜಾಗ, ಕಾಲಿಡುವ ಮ್ಯಾಟಿನ ಕೆಳಗೆ, ಬ್ಯಾಟರಿ ತಟ್ಟೆಯ ಸುತ್ತ, ಬಾಗಿಲಿನ ತಳ, ಹಿಂದಿನ ಸ್ಪ್ರಿಂಗ್ ಪ್ಲೇಟ್ ಚಾಸಿಗೆ ಸೇರುವ ಬ್ರಾಕೆಟ್. ಒಂದು ಸಣ್ಣ ಸುತ್ತಿಗೆ, ಒಂದು ಹಳೇ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ದಬ್ ಎನ್ನುತ್ತದೆ. ದಬ್ ಎಂದ ಕಡೆ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ. ತೂತು ಬಿದ್ದರೆ ಬೇಜಾರು ಬೇಡ, ಅದು ಮೊದಲೇ ಇದ್ದ ತೂತು. ಬಟ್ಟೆ ಸುತ್ತಿದ ಮ್ಯಾಗ್ನೆಟ್ ಕೂಡ ಓಡಾಡಿಸಿ. ಹಿಡಿಯದ ಕಡೆ ಕೆಳಗೆ ದಪ್ಪ ಪುಟ್ಟಿ ಇದೆ ಎಂದೇ ಲೆಕ್ಕ.

ಬಣ್ಣ ತೆಗೆಯಲು ಚಾಸಿಗೆ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಒರಟು ಪುಡಿ ಹೊಡೆಯುವುದು) ಮಾಡಿಸಬಹುದು. ಬಾಗಿಲು, ರೂಫ್‌ನಂಥ ತೆಳು ತಗಡಿಗೆ ಬೇಡ, ಜೋರಾಗಿ ಹೊಡೆದರೆ ಸೊಟ್ಟಗಾಗುತ್ತದೆ. ಅಲ್ಲಿ ಪೇಂಟ್ ರಿಮೂವರ್, ವೈರ್ ಬ್ರಷ್, ತಾಳ್ಮೆ ಸಾಕು. ಬ್ಲಾಸ್ಟಿಂಗ್ ಮಾಡಿಸುವಾಗ ಮರಳು ಬಳಸುವವರ ಹತ್ತಿರ ಹೋಗಬೇಡಿ, ಗಾರ್ನೆಟ್ ಎಂಬ ಗಟ್ಟಿ ಖನಿಜದ ಪುಡಿ ಅಥವಾ ಕಬ್ಬಿಣದ ಗ್ರಿಟ್ ಬಳಸುವವರನ್ನು ಹುಡುಕಿ. ಮರಳಿನ ಸಣ್ಣ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಕಲ್ಲಿನ ಧೂಳು ಕುಡಿದು ಈ ಕಾಯಿಲೆಯಿಂದ ನರಳಿದ ಗಣಿ ಕಾರ್ಮಿಕರ ಕಷ್ಟ ನಮ್ಮ ಜಿಲ್ಲೆಗೆ ಗೊತ್ತಿರುವುದೇ. ಒಂದು ಗಾಡಿಯ ಚಂದಕ್ಕಾಗಿ ಇನ್ನೊಬ್ಬರಿಗೆ ಆ ಕಾಯಿಲೆ ಬರಬಾರದು.

4. ಕತ್ತರಿಸಿ ಬೆಸೆಯುವುದು

ನಿಜವಾದ ಕೆಲಸ ಇಲ್ಲಿಂದ. ಆತುರ ಇದ್ದವರು ಒಂದು ವಾರ ಮುಂದೂಡಿ.

ಮೊದಲು ಬ್ಯಾಟರಿ ಕೇಬಲ್ ಬಿಚ್ಚಿ. ಪೆಟ್ರೋಲ್ ಟ್ಯಾಂಕ್ ಗಾಡಿಯಿಂದ ಇಳಿಸಿ ದೂರ ಇಡಿ. ಟ್ಯಾಂಕ್ ಖಾಲಿ ಇದೆ, ಏನೂ ಆಗಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಖಾಲಿ ಟ್ಯಾಂಕಿನೊಳಗೆ ಉಳಿದ ಆವಿ ಗಾಳಿ ಜೊತೆ ಸೇರಿದಾಗಲೇ ಸಿಡಿಯುವುದು. ಟ್ಯಾಂಕಿನ ತೂತು ಮುಚ್ಚಬೇಕಿದ್ದರೆ ಅದನ್ನು ಸರಿಯಾಗಿ ತೊಳೆದು ಮಾಡುವ ಅನುಭವಸ್ಥರಿಗೇ ಕೊಡಿ.

ಎರಡನೆಯದು, ಕತ್ತರಿಸುವ ಮುಂಚೆ ಆಸರೆ. ಕ್ಯಾಬಿನ್ನಿನ ತಳ ತೆಗೆದುಬಿಟ್ಟರೆ ಬಾಗಿಲ ಚೌಕಟ್ಟು ಗೊತ್ತಾಗದಂತೆ ಒಂದಿಷ್ಟು ಸರಿದಿರುತ್ತದೆ. ಹೊಸ ತಳ ಬೆಸೆದ ಮೇಲೆ ಬಾಗಿಲು ಮುಚ್ಚುವುದೇ ಇಲ್ಲ. ಆಗ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ, ಇನ್ನೂ ಕೆಡುತ್ತದೆ. ಬಾಗಿಲು ಸರಿಯಾಗಿ ಮುಚ್ಚುತ್ತಿರುವಾಗಲೇ ಚೌಕಟ್ಟಿಗೆ ಅಡ್ಡಡ್ಡ ಚೌಕ ಪೈಪ್ ಬೆಸೆದು ಬಿಗಿ ಮಾಡಿ. ಎರಡೂ ಕಡೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಅಳತೆ ಬರೆದಿಟ್ಟುಕೊಳ್ಳಿ. ಎಲ್ಲ ಕೆಲಸ ಮುಗಿದ ಮೇಲೇ ಆ ಪೈಪ್ ತೆಗೆಯಿರಿ. ಒಂದು ಬಾರಿಗೆ ಒಂದೇ ಕಡೆ ಕತ್ತರಿಸಿ. ಎಡಗಡೆ ಬೆಸೆದು ಮುಗಿಸಿ, ಆಮೇಲೆ ಬಲಗಡೆ.

ಎಷ್ಟು ಕತ್ತರಿಸಬೇಕು? ತುಕ್ಕು ಕಣ್ಣಿಗೆ ಕಾಣುವುದು ಮುಗಿದ ಮೇಲೂ ಒಂದು ಇಂಚು. ಅಂಚಿನ ತಗಡು ಎರಡೂ ಮುಖ ಬೆಳ್ಳಗೆ ಹೊಳೆಯಬೇಕು, ದಪ್ಪ ಪೂರ್ತಿ ಇರಬೇಕು. ತೆಳುವಾದ ತಗಡಿಗೆ ವೆಲ್ಡಿಂಗ್ ಹಿಡಿಯುವುದಿಲ್ಲ, ಕರಗಿ ತೂತಾಗುತ್ತದೆ. ಆ ತೂತು ಮುಚ್ಚಲು ಹೋಗಿ ಇನ್ನೊಂದು ತೂತು. ಇಲ್ಲೇ ಬಹಳ ಜನ ಬೇಸತ್ತು ಪುಟ್ಟಿ ಡಬ್ಬಿ ತೆಗೆಯುವುದು. 1 ಮಿಲಿಮೀಟರ್ ಕಟಿಂಗ್ ಡಿಸ್ಕ್ ಬಳಸಿ. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿ, ಚೂಪು ಮೂಲೆಯಲ್ಲಿ ಬಿರುಕು ಬೇಗ ಬಿಡುತ್ತದೆ.

ತೇಪೆಗೆ ಸಿಆರ್ ಶೀಟ್ (ಲೇಪವಿಲ್ಲದ ನಯವಾದ ಉಕ್ಕಿನ ತಗಡು) ತನ್ನಿ. ಒಳ್ಳೆಯ ಜಾಗದಲ್ಲಿ ಹಳೇ ತಗಡಿನ ದಪ್ಪ ವರ್ನಿಯರ್‌ನಲ್ಲಿ ಅಳೆದು ಅದೇ ದಪ್ಪದ್ದು ಕೊಳ್ಳಿ. 20 ಗೇಜ್ ಎಂದರೆ ಸುಮಾರು 0.9 ಮಿಲಿಮೀಟರ್, 18 ಗೇಜ್ ಎಂದರೆ ಸುಮಾರು 1.2. ಶೀಟ್ ಮನೆಯ ಜಿಂಕ್ ತಗಡು ಮಿಕ್ಕಿದೆ, ಅದನ್ನೇ ಹಾಕಿಬಿಡೋಣ ಎನ್ನುತ್ತಾರೆ. ಬೇಡ. ಸತುವಿನ ಲೇಪ ಸುಟ್ಟ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಬೆಸುಗೆಯೂ ತೂತು ತೂತಾಗಿರುತ್ತದೆ.

ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೂರಿಸಿ ನೋಡಿ. ರಟ್ಟು ಸರಿ ಕೂತರೆ ತಗಡೂ ಕೂರುತ್ತದೆ. ತೇಪೆ ಹಳೇ ತಗಡಿನ ಮೇಲೆ ಹತ್ತಬಾರದು, ಅಂಚಿಗೆ ಅಂಚು ಕೂಡಬೇಕು. ಒಂದರ ಮೇಲೊಂದು ಹೊದಿಸಿದರೆ ಕೆಲಸ ಸುಲಭ, ಒಪ್ಪುತ್ತೇನೆ. ಆದರೆ ನಡುವಿನ ಸಂದಿಗೆ ನೀರು ಸೇರಿ ತುಕ್ಕು ಒಳಗಿಂದಲೇ ಶುರುವಾಗುತ್ತದೆ. ಕಬ್ಬಿಣಕ್ಕಿಂತ ತುಕ್ಕು ಜಾಸ್ತಿ ಜಾಗ ಬೇಡುತ್ತದೆ, ಹಾಗಾಗಿ ಅದು ಉಬ್ಬಿ ಎರಡು ತಗಡನ್ನೂ ಎಬ್ಬಿಸುತ್ತದೆ.

ಬೆಸೆಯಲು ಸಿಒಟು ವೆಲ್ಡಿಂಗೇ (ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತಾ ವೈರ್ ಕರಗಿಸಿ ಬೆಸೆಯುವುದು) ಆಗಬೇಕು, 0.8 ಮಿಲಿಮೀಟರ್ ವೈರಿನಲ್ಲಿ. ಚಾಸಿಗೆ ಆರ್ಕ್ ವೆಲ್ಡಿಂಗ್ ಸರಿ, ಬಾಡಿ ತಗಡಿಗೆ ಅದರ ಬಿಸಿ ಹೆಚ್ಚು. ಗ್ಯಾಸ್ ವೆಲ್ಡಿಂಗಿನಲ್ಲಿ ಹಳೇ ಟಿಂಕರ್‌ಗಳು (ತಗಡಿನ ಕೆಲಸದವರು) ಚಮತ್ಕಾರ ಮಾಡುತ್ತಿದ್ದರು, ಅಂಥ ಕೈ ಸಿಕ್ಕರೆ ಕಣ್ಣಿಗೊತ್ತಿಕೊಂಡು ಮಾಡಿಸಿ. ಈಗ ಅವರು ಅಪರೂಪ. ಬಿಸಿ ಹರಡಿದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ, ಮತ್ತೆ ಸಪಾಟು ಮಾಡುವುದು ಬಹಳ ಕಷ್ಟ. ಅದಕ್ಕೇ ಒಂದೇ ಸಮನೆ ಗೆರೆ ಎಳೆಯಬಾರದು. ಒಂದು ಚುಕ್ಕಿ ಇಲ್ಲಿ ಹಾಕಿದರೆ ಮುಂದಿನದು ಎದುರು ಅಂಚಿಗೆ, ಮೂರನೆಯದು ಇನ್ನೊಂದು ಮೂಲೆಗೆ. ಹೀಗೆ ಸುತ್ತಲೂ ಸುಮಾರು ಇಂಚಿಗೊಂದು ಚುಕ್ಕಿ ಆಗಲಿ. ಕೈ ಇಟ್ಟರೆ ಸುಡದಷ್ಟು ಆರಲಿ. ಆಮೇಲೆ ಚುಕ್ಕಿಗಳ ನಡುವೆ ಇನ್ನೊಂದು ಚುಕ್ಕಿ. ಸಂದಿ ಪೂರ್ತಿ ಮುಚ್ಚುವ ತನಕ ಇದೇ ಆಟ. ಬೇಗ ಆರಲಿ ಎಂದು ನೀರು ಸುರಿಯಬೇಡಿ. ಟಿಂಕರ್‌ಗೆ ದಿನದ ಲೆಕ್ಕದಲ್ಲಿ ಕೂಲಿ ಕೊಡಿ, ಒಟ್ಟು ಕಾಂಟ್ರಾಕ್ಟ್ ಬೇಡ. ಕಾಂಟ್ರಾಕ್ಟ್ ಆದರೆ ಅವರಿಗೂ ಬೇಗ ಮುಗಿಸುವ ಒತ್ತಡ ಇರುತ್ತದೆ, ಅಲ್ವಾ?

ಉಬ್ಬಿದ ಬೆಸುಗೆಯನ್ನು ಗ್ರೈಂಡರಿಗೆ ಹಾಕುವ ಫ್ಲ್ಯಾಪ್ ಡಿಸ್ಕ್‌ನಲ್ಲಿ (ಉಪ್ಪುಕಾಗದದ ಎಸಳುಗಳ ಚಕ್ರ) ಸವರಿ. ಕೊನೆಗೆ ಕತ್ತಲಾದ ಮೇಲೆ ಒಂದು ಕಡೆ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ಇನ್ನೊಂದು ಚುಕ್ಕಿ ಬೇಕು.

5. ಪ್ರೈಮರ್, ಪುಟ್ಟಿ

ಸಂದಿಗಳಲ್ಲಿ ಉಳಿದ ತೆಳು ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಬಹುದು. ಚಕ್ಕೆ ಏಳುವ ತುಕ್ಕಿಗೆ ಅದು ಪ್ರಯೋಜನವಿಲ್ಲ, ಡಬ್ಬಿ ಮೇಲೆ ಏನೇ ಬರೆದಿರಲಿ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ತುಕ್ಕು ತೆಗೆಯುವ ಅಡ್ಡದಾರಿ ಒಂದಿದೆ. ಐದು ನಿಮಿಷದಲ್ಲಿ ಕಬ್ಬಿಣ ಹೊಳೆಯುತ್ತದೆ, ನಿಜ. ಆದರೆ ಅದರ ಕ್ಲೋರೈಡ್ ಸಂದಿಯಲ್ಲಿ ಉಳಿದು ಬಣ್ಣದ ಅಡಿಯಲ್ಲೇ ಮತ್ತೆ ತುಕ್ಕು ತರುತ್ತದೆ.

ಬರಿಯ ತಗಡಿಗೆ ಎರಡು ಡಬ್ಬಿ ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್ ಹೊಡೆಸಿ. ಗೇಟು ಗ್ರಿಲ್ಲಿಗೆ ಬಳಿಯುವ ರೆಡ್ ಆಕ್ಸೈಡ್ ಅಗ್ಗ ಎಂದು ಗಾಡಿಗೂ ಬಳಿಯುತ್ತಾರೆ. ಅದು ತೇವವನ್ನು ಎಪಾಕ್ಸಿಯಷ್ಟು ತಡೆಯುವುದಿಲ್ಲ. ಪುಟ್ಟಿ ಎಪಾಕ್ಸಿಯ ಮೇಲೇ ಬರಲಿ, 2-3 ಮಿಲಿಮೀಟರ್ ಮೀರಬಾರದು. ಅದಕ್ಕಿಂತ ಜಾಸ್ತಿ ಬೇಕು ಎನಿಸಿದರೆ ತಗಡು ಇನ್ನೂ ಸರಿ ಕೂತಿಲ್ಲ ಎಂದರ್ಥ, ಟಿಂಕರ್ ಹತ್ತಿರ ವಾಪಸ್ ಹೋಗಿ. ಪುಟ್ಟಿಯನ್ನು ನೀರಿಲ್ಲದೆ ಒಣದಾಗಿಯೇ ಉಜ್ಜಬೇಕು. ನೀರು ಹಾಕಿ ಉಜ್ಜಿದರೆ ಅದು ನೀರು ಕುಡಿಯುತ್ತದೆ.

6. ಇಂಜಿನ್, ಬ್ರೇಕು

ಎಫ್‌ಸಿ 150ರ ಪೆಟ್ರೋಲ್ ಇಂಜಿನ್ ಜೀಪಿನದೇ. ಇನ್‌ಟೇಕ್ ವಾಲ್ವ್ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕ್‌ನಲ್ಲಿ. ಹೆಡ್ ಇಳಿಸುವವರು ಒಂದು ವಿಷಯ ಬರೆದಿಟ್ಟುಕೊಳ್ಳಿ: ಒಂದು ಹೆಡ್ ಬೋಲ್ಟ್ ಕಾರ್ಬ್ಯುರೇಟರ್ ಕೆಳಗೆ ಅಡಗಿದೆ. ಕಾರ್ಬ್ಯುರೇಟರ್ ತೆಗೆದು ಇಣುಕಿದರೆ ಮಾತ್ರ ಕಾಣುತ್ತದೆ. ಅದನ್ನು ಬಿಚ್ಚದೆ ಹಾರೆ ಹಾಕಿ ಮೀಟಿದರೆ ಹೆಡ್ ಒಡೆಯುತ್ತದೆ. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹತ್ತುವ ಕ್ರಮ) 1-3-4-2. ಟ್ಯಾಪೆಟ್ (ವಾಲ್ವಿಗೆ ಬಿಡಬೇಕಾದ ಸಂದಿ) ಇಂಜಿನ್ ತಣ್ಣಗಿರುವಾಗ ಇನ್‌ಟೇಕ್ 18 ಥೌ, ಎಕ್ಸಾಸ್ಟ್ 16 ಥೌ; ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಬಹಳ ವರ್ಷ ನಿಂತ ಇಂಜಿನ್‌ಗೆ ಸೆಲ್ಫ್ ಹೊಡೆಯಬೇಡಿ. ಪ್ಲಗ್ ತೆಗೆದು ಎಣ್ಣೆ ಬಿಟ್ಟು ಕೆಲವು ದಿನ ಬಿಡಿ, ಆಮೇಲೆ ಕೈಯಲ್ಲಿ ತಿರುಗಿಸಿ.

ಬ್ರೇಕಿನಲ್ಲಿ ಉಳಿತಾಯ ಬೇಡ. ಹೋಸ್, ವೀಲ್ ಸಿಲಿಂಡರ್ ರಬ್ಬರ್, ಪೈಪ್ ಎಲ್ಲ ಹೊಸದು. ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಡ್ರಮ್ಮಿನ ಧೂಳಿಗೆ ಗಾಳಿ ಹೊಡೆಯದೆ ಒದ್ದೆ ಬಟ್ಟೆಯಿಂದ ಒರೆಸಿ. ವೈರಿಂಗ್ ಪೂರ್ತಿ ಹೊಸದಾಗಿ ಎಳೆಸಿ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎರಡೂ ಸುತ್ತಿ. ಹಳೇ ಪಾರ್ಟನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ.

7. ಬಣ್ಣ

ಮಳೆ ಇಲ್ಲದ ಜನವರಿ, ಫೆಬ್ರವರಿ ಒಳ್ಳೆಯ ಕಾಲ. ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿ. ಹಾರ್ಡನರ್ ಬೆರೆಸುವ ಬಣ್ಣದಲ್ಲಿ ಐಸೊಸಯನೇಟ್ ಇರುತ್ತದೆ, ಮೂಗಿಗೆ ಕರ್ಚೀಫ್ ಕಟ್ಟಿದರೆ ಏನೂ ಉಪಯೋಗವಿಲ್ಲ. ಅದಕ್ಕೆ ತಕ್ಕ ಕಾರ್ಟ್ರಿಜ್ ಮಾಸ್ಕ್ ಪೇಂಟರ್‌ಗೆ ನೀವೇ ಕೊಡಿಸಿ. ಮೆಟಾಲಿಕ್ ಬಣ್ಣ ಈ ಗಾಡಿಗಳಿಗೆ ಒಪ್ಪುವುದಿಲ್ಲ. ಡ್ಯಾಶ್‌ಬೋರ್ಡ್ ಹಿಂದೆ ಮೂಲ ಬಣ್ಣ ಉಳಿದಿರುತ್ತದೆ, ಅದನ್ನೇ ಹೊಂದಿಸಿ.

8. ಆದಮೇಲೆ

ಚಾಸಿ ಒಳಗೆ, ಬಾಗಿಲ ಒಳಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗಗಳಿಗೆ ಹೊಡೆಯುವ ತುಕ್ಕು ತಡೆಯುವ ಮೇಣ) ಸ್ಪ್ರೇ ಮಾಡಿಸಿ. ಸುಟ್ಟ ಇಂಜಿನ್ ಆಯಿಲ್ ಬಳಿಯುವ ಹಳೇ ಪದ್ಧತಿ ಬಿಡಿ, ಅದು ರಬ್ಬರ್ ಬುಷ್ ತಿನ್ನುತ್ತದೆ, ನೆಲಕ್ಕೂ ತೊಟ್ಟಿಕ್ಕುತ್ತದೆ. ಬಾಗಿಲ ತಳದ ನೀರು ಹೋಗುವ ತೂತುಗಳನ್ನು ಪೇಂಟರ್ ಮುಚ್ಚಿರುತ್ತಾನೆ, ಕಡ್ಡಿ ಹಾಕಿ ಬಿಡಿಸಿ. ಮೊದಲ ದೊಡ್ಡ ಮಳೆಯ ಮರುದಿನ ಮ್ಯಾಟ್ ಎತ್ತಿ ನೋಡಿ. ಒದ್ದೆ ಇದ್ದರೆ ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ನೀರು ಬರುವ ಜಾಗದ ರಬ್ಬರ್ ಬದಲಿಸಿ. ಅಲ್ಲಿಗೆ ವಿನಿಗರ್ ವಾಸನೆ ಬರುವ ಸಿಲಿಕೋನ್ ಮಾತ್ರ ಹಾಕಬೇಡಿ, ಒಣಗುವಾಗ ಅದು ಬಿಡುವ ಆಸಿಡ್ಡಿಗೇ ಬರಿ ತಗಡು ತುಕ್ಕು ಹಿಡಿಯುತ್ತದೆ.