ರೆಫರೆನ್ಸ್ ಪಟ್ಟಿ: ಅಘನಾಶಿನಿಯ ಪೇಪರಿಗೆ ನಾನು ಮಾಡಿದ ಕೆಲಸ

ಕಾರವಾರದಲ್ಲಿ ಕೂತು ನಮ್ಮ ಅಳಿವೆಗಳ ಸಿಗಡಿ, ಬೆಳಚಿನ (ತಿನ್ನುವ ಚಿಪ್ಪುಜೀವಿ) ಬಗ್ಗೆ ಪೇಪರ್ ಬರೆಯುವವರಿಗೆ ಆಕರಗಳು ಒಂದೇ ಕಡೆಯಿಂದ ಬರುವುದಿಲ್ಲ. ಒಂದಷ್ಟು ಹೊಸ ಲೇಖನಗಳು ಇಂಟರ್‌ನೆಟ್ಟಿನಲ್ಲಿ ಸಲೀಸಾಗಿ ಸಿಗುತ್ತವೆ. ಉಳಿದದ್ದೆಲ್ಲ ಹಳೆಯ ಗ್ಯಾಝೆಟಿಯರು, ಸ್ಕ್ಯಾನ್ ಪ್ರತಿಗಳು, ಶೋಧಗಂಗಾ ಜಾಲಭಂಡಾರದಲ್ಲಿರುವ ಪಿಎಚ್‌ಡಿ ಪ್ರಬಂಧಗಳು, ಕನ್ನಡ ಪುಸ್ತಕಗಳು. 'ಸಾಫ್ಟ್‌ವೇರ್ ಇದೆಯಲ್ಲ, ಅದೇ ಮಾಡ್ತದೆ' ಅನ್ನುವ ಮಾತು ಮೊದಲ ಗುಂಪಿಗೆ ಒಪ್ಪುತ್ತದೆ, ಎರಡನೆಯದಕ್ಕೆ ಇಲ್ಲ. ಉತ್ತರ ಕನ್ನಡದ ಅಘನಾಶಿನಿ ನದಿ ದಂಡೆಯ ಗಜನಿಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ) ಬೆಳೆಯುವ ಸಿಗಡಿಯ ಮೇಲಿನ ಪೇಪರಿಗೆ ನಾನು ರೆಫರೆನ್ಸುಗಳನ್ನು ಹೇಗೆ ಜೋಡಿಸಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶೈಲಿಯ ವಿಚಾರ ಬೇಗ ಮುಗಿಯುತ್ತದೆ. ಮುಖ್ಯವಾಗಿ ಇರುವುದು ಎರಡು ಮನೆತನ. ಒಂದರಲ್ಲಿ ವಾಕ್ಯದೊಳಗೇ ಲೇಖಕರ ಹೆಸರು, ಇಸವಿ ಬರುತ್ತದೆ. ಕೊನೆಯ ಪಟ್ಟಿ ಅಕಾರಾದಿ. ಇನ್ನೊಂದರಲ್ಲಿ ಬರೀ ಅಂಕಿ. ಪಟ್ಟಿ ಅಂಕಿಗಳ ಕ್ರಮದಲ್ಲಿ. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೇರಿ ಶುರುಮಾಡಿದ ಕೆಲಸದಿಂದ ಅಂಕಿಯ ಪದ್ಧತಿಗೆ ಆ ಊರಿನ ಹೆಸರೇ ನಿಂತಿತು. ನಮ್ಮಲ್ಲಿ 'ಇಂಡಿಯನ್ ಜರ್ನಲ್ ಆಫ್ ಫಿಶರೀಸ್' ಹೆಸರು-ಇಸವಿ ಕೇಳುತ್ತದೆ, 'ಕರೆಂಟ್ ಸೈನ್ಸ್' ಅಂಕಿ ಕೇಳುತ್ತದೆ. ಒಂದು ಕಡೆ ತಿರಸ್ಕಾರವಾಗಿ ಇನ್ನೊಂದು ಕಡೆ ಕಳಿಸುವಾಗ ಇಡೀ ಪಟ್ಟಿಯನ್ನು ಕೈಯಲ್ಲಿ ತಿದ್ದುತ್ತ ಕೂರುವುದು ಬೇಡವೆಂದೇ ನಾನು ಝೊಟೆರೊ ಅನ್ನುವ ರೆಫರೆನ್ಸ್ ಜೋಡಿಸುವ ತಂತ್ರಾಂಶ ಬಳಸುತ್ತೇನೆ. 2006ರಿಂದ ಇದೆ, ಉಚಿತ. ವರ್ಡ್ ಫೈಲಿನೊಳಗಿಂದಲೇ ಉಲ್ಲೇಖ ಸೇರಿಸಬಹುದು, ಶೈಲಿ ಬದಲಿಸಿದರೆ ಪಟ್ಟಿ ತಾನಾಗಿ ಬದಲಾಗುತ್ತದೆ. ಸಾವಿರಾರು ಪತ್ರಿಕೆಗಳ ಶೈಲಿಗಳು ಸಿದ್ಧವಾಗಿವೆ. ನಮ್ಮ ಪತ್ರಿಕೆಯದು ಸಿಗದಿದ್ದರೆ ಅದಕ್ಕೆ ಹತ್ತಿರದ್ದನ್ನು ಹಾಕಿ ಕೊನೆಯಲ್ಲಿ ಕೈಯಿಂದ ತಿದ್ದುತ್ತೇನೆ.

ಆದರೆ ಝೊಟೆರೊ ಒಳಗೆ ಹೋದದ್ದನ್ನೇ ಹೊರಗೆ ಕೊಡುತ್ತದೆ. ಹಾಗಾಗಿ ನನ್ನ ಸಮಯದ ಬಹುಪಾಲು ಹೋಗುವುದು ಒಳಗೆ ಹಾಕುವ ಮಾಹಿತಿಯ ಮೇಲೆ, ಅದರಲ್ಲೂ ಹೆಸರುಗಳ ಮೇಲೆ. ಪಾಶ್ಚಾತ್ಯರ ಹೆಸರಿನ ಕೊನೆಯ ಪದ ಮನೆತನದ್ದು ಅನ್ನುವ ಲೆಕ್ಕದಲ್ಲಿ ಈ ತಂತ್ರಾಂಶಗಳು ನಡೆಯುತ್ತವೆ. ನಮ್ಮಲ್ಲಿ ಎಷ್ಟೋ ಜನರಿಗೆ ಅಡ್ಡಹೆಸರೇ ಇಲ್ಲ; ಊರಿನದೊಂದು, ತಂದೆಯದೊಂದು ಇನಿಷಿಯಲ್, ಜೊತೆಗೆ ಅವರದೇ ಹೆಸರು. ರಾಮಚಂದ್ರ ಅನ್ನುವವರ ಇನಿಷಿಯಲ್ಲುಗಳು ಹೆಸರಿನ ನಂತರ ಅಚ್ಚಾಗಿದ್ದರೆ ತಂತ್ರಾಂಶ ಕೊನೆಯ ಒಂಟಿ ಅಕ್ಷರವನ್ನು ಮನೆತನ ಮಾಡಿ, ರಾಮಚಂದ್ರರನ್ನೇ ಇನಿಷಿಯಲ್ಲಿಗೆ ಇಳಿಸಿಬಿಡುತ್ತದೆ. ಆಗ ಅವರ ಜೀವಮಾನದ ಕೆಲಸ ಸೂಚಿಯಲ್ಲಿ ಯಾರಿಗೂ ಸಿಗದ ಒಂದಕ್ಷರದ ಕೆಳಗೆ ಹೋಗಿ ಕೂರುತ್ತದೆ. ಇದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ. ಪ್ರತಿ ನಮೂದನ್ನು ತೆರೆದು, ಮೂಲ ಲೇಖನದ ಮೊದಲ ಪುಟವನ್ನು ಪಕ್ಕದಲ್ಲಿಟ್ಟು, ಅವರದೇ ಹೆಸರನ್ನು ಕೊನೆಯ ಹೆಸರಿನ ಜಾಗದಲ್ಲೂ ಇನಿಷಿಯಲ್ಲುಗಳನ್ನು ಮೊದಲ ಹೆಸರಿನ ಜಾಗದಲ್ಲೂ ಹಾಕುತ್ತೇನೆ.

ನಮ್ಮ ಜಿಲ್ಲೆಯ ಸಂಶೋಧನೆಗೆ ಇದರ ತಿರುಗುಮುರುಗಾದ ಕಷ್ಟವೂ ಇದೆ. ಪಟ್ಟಿಯ ತುಂಬ ಭಟ್ಟರು, ಹೆಗಡೆಯವರು, ನಾಯ್ಕರು, ನಾಯಕರು. ಒಂದೇ ಇಸವಿಯಲ್ಲಿ ಇಬ್ಬರು ಬೇರೆ ಹೆಗಡೆಯವರ ಲೇಖನ ಇದ್ದರೆ ಹೆಸರು-ಇಸವಿ ಪದ್ಧತಿಯಲ್ಲಿ ವಾಕ್ಯದೊಳಗೆ ಇನಿಷಿಯಲ್ ಸೇರಿಸಬೇಕು. ಒಬ್ಬರದೇ ಎರಡು ಲೇಖನವಾದರೆ ಇಸವಿಯ ಮುಂದೆ ಎ, ಬಿ ಬರಬೇಕು. ಝೊಟೆರೊ ಇದನ್ನು ತಾನೇ ಮಾಡುತ್ತದೆ, ಆದರೆ ಒಬ್ಬರನ್ನೇ ಒಂದು ಕಡೆ ಪೂರ್ಣ ಹೆಸರಲ್ಲಿ, ಇನ್ನೊಂದು ಕಡೆ ಇನಿಷಿಯಲ್ಲಿನಲ್ಲಿ ಹಾಕಿದ್ದರೆ ಅವರನ್ನು ಇಬ್ಬರೆಂದು ಎಣಿಸುತ್ತದೆ. 'ಹೆಗಡೆ'ಗೆ ಇಂಗ್ಲಿಷಿನಲ್ಲಿ ಎರಡು ಕಾಗುಣಿತ ಚಾಲ್ತಿಯಲ್ಲಿದೆ. ಲೇಖನದಲ್ಲಿ ಹೇಗೆ ಅಚ್ಚಾಗಿದೆಯೋ ಹಾಗೇ ಬಿಡುತ್ತೇನೆ.

ಶೀರ್ಷಿಕೆಗೂ ಅದೇ ನಿಯಮ. ನಾವು ಬಿಳಿ ಸಿಗಡಿ ಅನ್ನುವುದನ್ನು ಹಳೆಯ ಲೇಖನಗಳು ಪೀನಿಯಸ್ ಇಂಡಿಕಸ್ ಅನ್ನುತ್ತವೆ. 1997ರ ಒಂದು ವರ್ಗೀಕರಣದ ನಂತರ ಅದು ಫೆನ್ನೆರೊಪೀನಿಯಸ್ ಇಂಡಿಕಸ್ ಆಯಿತು, ಈಗ ಮತ್ತೆ ಪೀನಿಯಸ್‌ಗೆ ಮರಳಿದೆ. ನನ್ನ ವಾಕ್ಯಗಳಲ್ಲಿ ಈಗಿನ ಹೆಸರೇ ಇರುತ್ತದೆ. ರೆಫರೆನ್ಸ್ ಪಟ್ಟಿಯಲ್ಲಿ ಮಾತ್ರ ಆಯಾ ಲೇಖನದ ಶೀರ್ಷಿಕೆಯಲ್ಲಿದ್ದ ಹೆಸರನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಹುಡುಕುವವರಿಗೆ ಆ ಲೇಖನ ಸಿಗುವುದಿಲ್ಲ. ಜೀವಿಯ ಹೆಸರು ಓರೆ ಅಕ್ಷರದಲ್ಲಿ ಬರಬೇಕಲ್ಲ, ಅದಕ್ಕೆ ಝೊಟೆರೊದ ಶೀರ್ಷಿಕೆಯೊಳಗೇ ಹೆಸರಿನ ಎರಡೂ ಬದಿಗೆ ಇಟಾಲಿಕ್ ಟ್ಯಾಗ್ ಹಾಕಿಡುತ್ತೇನೆ. ಶೀರ್ಷಿಕೆಯ ಮೊದಲಕ್ಷರ ಮತ್ತು ಅಂಕಿತನಾಮಗಳು ಬಿಟ್ಟು ಉಳಿದದ್ದೆಲ್ಲ ಸಣ್ಣಕ್ಷರದಲ್ಲಿ ಇರಬೇಕು: ಸಣ್ಣದನ್ನು ದೊಡ್ಡಕ್ಷರ ಮಾಡುವುದು ತಂತ್ರಾಂಶಕ್ಕೆ ಬರುತ್ತದೆ, ದೊಡ್ಡದನ್ನು ಸರಿಯಾಗಿ ಸಣ್ಣದು ಮಾಡಲು ಬರುವುದಿಲ್ಲ. ಇನ್ನು, ಜೀವಿಯ ಹೆಸರಿನ ಮುಂದೆ ಬರುವ 'ಎಚ್. ಮಿಲ್ನ್ ಎಡ್ವರ್ಡ್ಸ್, 1837' ನೋಡಲು ಉಲ್ಲೇಖದಂತೆ ಇದ್ದರೂ ಅದು ಹೆಸರಿಟ್ಟವರ ಗುರುತು. ವರ್ಗೀಕರಣದ ಪತ್ರಿಕೆ ಕೇಳಿದರಷ್ಟೇ ಅದನ್ನು ಪಟ್ಟಿಗೆ ತರುತ್ತೇನೆ.

ಹಳೆಯ ಪುಸ್ತಕಗಳನ್ನು ಕೈಯಾರೆ ತುಂಬಬೇಕು. ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕಾನನ್ ನಮ್ಮ ಸೀಮೆಯಲ್ಲಿ ತಿರುಗಿದ್ದು 1801ರಲ್ಲಿ, ಪುಸ್ತಕ ಬಂದದ್ದು 1807ರಲ್ಲಿ. ಪಟ್ಟಿಗೆ 1807 ಬರಬೇಕು. 1883ರ ಬಾಂಬೆ ಪ್ರೆಸಿಡೆನ್ಸಿ ಗ್ಯಾಝೆಟಿಯರಿನ 15ನೇ ಸಂಪುಟ ನಮ್ಮ ಜಿಲ್ಲೆಯದು, ಅದರಲ್ಲಿ ಎರಡು ಭಾಗ. ಭಾಗ ಹೇಳದೆ ಪುಟಸಂಖ್ಯೆ ಮಾತ್ರ ಕೊಟ್ಟರೆ ಓದುಗರು ತಪ್ಪು ಪುಸ್ತಕ ತೆರೆಯುತ್ತಾರೆ. ಕನ್ನಡ ಪುಸ್ತಕವಾದರೆ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಬರೆದು, ಇಂಗ್ಲಿಷ್ ಅರ್ಥವನ್ನು ಚೌಕ ಆವರಣದಲ್ಲಿ ಕೊಟ್ಟು, ಕನ್ನಡದ್ದೆಂದು ಸೂಚಿಸುತ್ತೇನೆ. 'ಇಂಗ್ಲಿಷ್ ಆಕರ ಸಾಕು' ಅಂದುಕೊಂಡು ಇವನ್ನು ಬಿಡುವವರನ್ನು ನೋಡಿದ್ದೇನೆ, ಬಿಡಬಾರದು. ಉಪ್ಪುನೀರು ತಡೆಯುವ ಕಗ್ಗ ಭತ್ತದ ಬಗ್ಗೆ, ಗಜನಿಯ ಕಟ್ಟೆಗಳ ಬಗ್ಗೆ ಎಷ್ಟೋ ವಿವರ ಕನ್ನಡದಲ್ಲೇ ಇದೆ.

ಇನ್ನೂ ಎಷ್ಟೋ ವಿವರ ಯಾವ ಪುಸ್ತಕದಲ್ಲೂ ಇಲ್ಲ. ಗಜನಿಗೆ ನೀರು ಬಿಡುವ ಜಂತ್ರಡಿ ಬಾಗಿಲನ್ನು ಯಾವ ಭರತಕ್ಕೆ ತೆಗೆಯಬೇಕು, ಮಳೆ ಶುರುವಾದ ಮೇಲೆ ಬೆಳಚು ಎಲ್ಲಿ ಕಡಿಮೆಯಾಗುತ್ತದೆ ಅನ್ನುವುದು ಅಲ್ಲಿ ಕೆಲಸ ಮಾಡುವವರಿಗೆ ಗೊತ್ತು. ಅವರಿಂದ ತಿಳಿದದ್ದನ್ನು ವಾಕ್ಯದೊಳಗೆ ಹೆಸರು, ಊರು, ತಾರೀಖಿನೊಂದಿಗೆ ವೈಯಕ್ತಿಕ ಮಾಹಿತಿ (ಪರ್ಸನಲ್ ಕಮ್ಯುನಿಕೇಶನ್) ಎಂದು ಕೊಡಬೇಕು. ಓದುಗರು ಹೋಗಿ ನೋಡುವಂಥದ್ದಲ್ಲವಾದ್ದರಿಂದ ಬಹಳಷ್ಟು ಪತ್ರಿಕೆಗಳು ಅದನ್ನು ಪಟ್ಟಿಗೆ ಸೇರಿಸುವುದಿಲ್ಲ. ಹೆಸರು ಹಾಕಲು ನಾನು ಒಪ್ಪಿಗೆ ಕೇಳುತ್ತೇನೆ. ಬೆಳಚು ಹೆಕ್ಕುವ ಒಬ್ಬ ಹೆಂಗಸು, 'ಅಕ್ಕೋರೇ, ನಮ್ಮೂರ ಹೆಸರನ್ನೂ ಸರಿಯಾಗಿ ಬರೀರಿ' ಅಂದರು. ಬರೆದಿದ್ದೇನೆ.

ಡಿಒಐ, ಅಂದರೆ ಲೇಖನದ ಶಾಶ್ವತ ಆನ್‌ಲೈನ್ ಗುರುತುಸಂಖ್ಯೆ, ಇರುವ ಪ್ರತಿಯೊಂದನ್ನೂ ಒತ್ತಿ ನೋಡುವುದು ಕೊನೆಯ ಹಂತ. 10 ಎಂಬ ಅಂಕಿಯಿಂದ ಶುರುವಾಗುವ ಈ ಸಂಖ್ಯೆ 2000ದ ಸುಮಾರಿಗೆ ಬಳಕೆಗೆ ಬಂತು. ಹಳೆಯ ಲೇಖನಗಳಿಗೂ ಎಷ್ಟೋ ಪ್ರಕಾಶಕರು ಆಮೇಲೆ ಕೊಟ್ಟಿದ್ದಾರೆ. ಈಗ ಎಐ ಚಾಟ್‌ಗಳಿಂದ ರೆಫರೆನ್ಸ್ ಕೇಳಿ ಪಡೆಯುವ ವಿದ್ಯಾರ್ಥಿಗಳಿದ್ದಾರೆ. ನಿಜವಾದ ಪತ್ರಿಕೆ, ನಿಜವಾದ ಲೇಖಕರ ಹೆಸರು, ಎಂದೂ ಇಲ್ಲದ ಲೇಖನ: ಅಂಥವು ಡಿಒಐ ಒತ್ತಿದ ಕೂಡಲೇ ಬಯಲಾಗುತ್ತವೆ, ಇಲ್ಲವೇ ಬೇರೆಯದೇ ಲೇಖನಕ್ಕೆ ಕರೆದೊಯ್ಯುತ್ತವೆ. ಡಿಒಐ ಇಲ್ಲದವುಗಳ ಪಿಡಿಎಫ್ ನನ್ನ ಕೈಯಲ್ಲಿ ಇರಲೇಬೇಕು. ಇನ್ನೊಬ್ಬರ ಪಟ್ಟಿಯಿಂದ ಎತ್ತಿ ಹಾಕುವುದಿಲ್ಲ. ಕೊಚ್ಚಿಯ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಆನ್‌ಲೈನ್ ಭಂಡಾರದಲ್ಲಿ ಹಳೆಯ ಮೀನುಗಾರಿಕೆ ಲೇಖನಗಳ ಸ್ಕ್ಯಾನ್ ಬೇಕಾದಷ್ಟಿವೆ. ಲೇಖನವನ್ನು ಪತ್ರಿಕೆ ಹಿಂಪಡೆದಿದ್ದರೆ ಝೊಟೆರೊ ಕೆಂಪು ಪಟ್ಟಿಯಲ್ಲಿ ಎಚ್ಚರಿಸುತ್ತದೆ, ಅದನ್ನೂ ನೋಡಿಕೊಳ್ಳುತ್ತೇನೆ. ಜಾಲಪುಟವಾದರೆ ನೋಡಿದ ತಾರೀಖು ಹಾಕಬೇಕು: ಅಘನಾಶಿನಿ ರಾಮ್‌ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಎಂಬ ಘೋಷಣೆ 2024ರಲ್ಲಿ ಬಂತು, ಹಳೆಯ ತಾರೀಖಿನಲ್ಲಿ ನೋಡಿದವರಿಗೆ ರಾಮ್‌ಸಾರ್ ಜಾಲತಾಣದಲ್ಲಿ ಅದರ ಪುಟ ಸಿಕ್ಕಿರಲಿಕ್ಕಿಲ್ಲ.

ಕಳಿಸುವ ಮೊದಲು ಫೈಲಿನ ಎರಡು ಪ್ರತಿ ಮಾಡುತ್ತೇನೆ. ಝೊಟೆರೊ ಕೊಂಡಿ ಇರುವುದು ನನ್ನಲ್ಲಿ ಉಳಿಯುತ್ತದೆ, ಕೊಂಡಿ ಬಿಡಿಸಿದ್ದು ಪತ್ರಿಕೆಗೆ ಹೋಗುತ್ತದೆ. ಒಪ್ಪಿಗೆಯಾಗಿ ಪ್ರೂಫ್ ಬಂದಾಗ ಪಟ್ಟಿಯನ್ನು ಮತ್ತೊಮ್ಮೆ ಮೊದಲಿಂದ ಓದುತ್ತೇನೆ, ಏಕೆಂದರೆ ನಮ್ಮ ಹೆಸರುಗಳ ಪರಿಚಯವಿಲ್ಲದ ಪುಟ ಜೋಡಣೆಯವರು ಇನಿಷಿಯಲ್ಲುಗಳನ್ನು ಮತ್ತೆ ತಿರುಗಿಸಿರುವ ಸಾಧ್ಯತೆ ಅಲ್ಲೇ ಹೆಚ್ಚು.