ಸಿಲ್ವರ್ ಓಕ್ ಹೊಟ್ಟಿನಲ್ಲಿ ಲಯನ್ಸ್ ಮೇನ್: ನನ್ನ ಅನುಭವ

ಸಿಲ್ವರ್ ಓಕ್ ಮರದ ಹೊಟ್ಟಿನಲ್ಲಿ ಲಯನ್ಸ್ ಮೇನ್ ಅಣಬೆ (ಮೈತುಂಬ ಮುಳ್ಳು ಇಳಿಬಿಟ್ಟ ಬಿಳಿ ಉಂಡೆ) ಬರುವುದಿಲ್ಲ, ಬಂದರೂ ಮಡಿಕೇರಿ ಮಳೆಯಲ್ಲಿ ಒಣಗಿಸುವುದು ಆಗದ ಮಾತು ಅಂದವರೇ ಹೆಚ್ಚು. ಈ ಮಳೆಗಾಲ ಹೊಟ್ಟು ತುಂಬಿದ 400 ಬ್ಯಾಗಿನಲ್ಲಿ ಕೆಟ್ಟದ್ದು ಹದಿನೈದೋ ಹದಿನಾರೋ. ಚಿಪ್ಪಣಬೆಯಲ್ಲಿ ಕೈ ಪಳಗಿದವರಿಗಾಗಿ ಬರೆಯುತ್ತಿದ್ದೇನೆ. ಮೊದಲ ಪಾಠಗಳನ್ನು ಬಿಟ್ಟಿದ್ದೇನೆ.

ಒಣ ತೂಕದಲ್ಲಿ 80 ಪಾಲು ಮರದ ಹೊಟ್ಟು, 18 ಪಾಲು ಗೋಧಿ ಬೂಸ, 2 ಪಾಲು ಜಿಪ್ಸಂ. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು. ಭತ್ತದ ತೌಡು ಅಗ್ಗ, ಆದರೆ ಮಳೆಗಾಲದಲ್ಲಿ ಚೀಲದಲ್ಲೇ ಕಮಟು ಹಿಡಿಯುತ್ತದೆ. ಚಿಪ್ಪಣಬೆಯ ಅಭ್ಯಾಸದಲ್ಲಿ ಸುಣ್ಣ ಹಾಕಲೇಬೇಡಿ. ಇದಕ್ಕೆ ಸ್ವಲ್ಪ ಹುಳಿಯೇ ಬೇಕು, ಪಿಎಚ್ 5ರ ಆಸುಪಾಸು. ಸುಣ್ಣ ಬಿದ್ದ 40 ಬ್ಯಾಗು ಒಂದೂವರೆ ತಿಂಗಳಾದರೂ ಅರ್ಧದಲ್ಲೇ ನಿಂತವು. ಹೊಟ್ಟನ್ನು ಸಾಮಿಲ್ಲಿನಲ್ಲಿ ಸಿಲ್ವರ್ ಓಕ್ ಒಂದನ್ನೇ ಕೊಯ್ಯುವ ದಿನ ತುಂಬಿಸಿಕೊಳ್ಳಿ. ತೇಗದ ಹೊಟ್ಟು ಬೆರೆತರೆ ಅಣಬೆಯ ಬಿಳಿ ಎಳೆ ಮುಂದಕ್ಕೇ ಹೋಗುವುದಿಲ್ಲ.

ದುಡ್ಡು ಕಳೆದದ್ದು ಬ್ಯಾಗನ್ನು ಹಬೆಯಲ್ಲಿ ಬೇಯಿಸಿ ಶುದ್ಧ ಮಾಡುವಲ್ಲಿ. ಡ್ರಮ್ಮಿನಲ್ಲಿ ಆರು ಗಂಟೆ ಸಾಕು ಎಂಬ ಬಯಲುಸೀಮೆಯ ಲೆಕ್ಕ ಹಿಡಿದು ಈ ಹಿಂದೆ ಹಾಕಿದ 300ರಲ್ಲಿ 110 ಬ್ಯಾಗು ಹಸಿರು ಬೂಷ್ಟಿಗೆ ಹೋಯಿತು. ಬ್ಯಾಗಿಗೆ ಹೆಚ್ಚುಕಡಿಮೆ 45 ರೂಪಾಯಿ ಬಿದ್ದಿತ್ತು. ಸೀಳಿ ನೋಡಿದರೆ ಸುತ್ತ ಶುದ್ಧ ಬಿಳಿ, ನಡುವಿನಲ್ಲಿ ನಿಂಬೆಹಣ್ಣಿನ ಗಾತ್ರದ ಹಸಿರು ಉಂಡೆ, ಹುಳಿ ವಾಸನೆ. ಬಾಯಿಂದ ಬಂದ ಸೋಂಕಾಗಿದ್ದರೆ ಹಸಿರು ಮೇಲಿಂದ ಶುರುವಾಗಬೇಕಿತ್ತು. ನಡುವಿನಲ್ಲಿದೆ ಅಂದರೆ ಬಿಸಿ ಅಲ್ಲಿಗೆ ಮುಟ್ಟಿಲ್ಲ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ನೀರು ಇಲ್ಲಿ 96 ಡಿಗ್ರಿಗೇ ಕುದಿಯುತ್ತದೆ. ಆ ನಾಲ್ಕು ಡಿಗ್ರಿಯನ್ನು ಹೊತ್ತಿನಲ್ಲಿ ತುಂಬಿಕೊಡಬೇಕು. ಈಗ ನಡುವಿನ ಬ್ಯಾಗಿಗೆ ಥರ್ಮಾಮೀಟರ್ ಚುಚ್ಚಿ, ಅದು 94 ತೋರಿಸಿದ ಮೇಲೆ ಹನ್ನೊಂದು ಗಂಟೆ ಎಣಿಸುತ್ತೇನೆ. ಒಂದು ಕೆಜಿಗಿಂತ ದೊಡ್ಡ ಬ್ಯಾಗು ಬೇಡ, ಬ್ಯಾಗುಗಳ ನಡುವೆ ಎರಡು ಬೆರಳು ಜಾಗವಿರಲಿ. ಆಟೋಕ್ಲೇವ್ (ಒತ್ತಡದ ಹಬೆಯ ದೊಡ್ಡ ಕುಕ್ಕರ್) ಇದ್ದವರೂ ಗೇಜನ್ನು ನಂಬಿ ಕೂರಬಾರದು. ಇಲ್ಲಿ 15 ಪೌಂಡ್ ತೋರಿಸಿದಾಗ ಒಳಗೆ 121 ಇರುವುದಿಲ್ಲ, 119ರ ಹತ್ತಿರ ಇರುತ್ತದೆ. ಒತ್ತಡ ಏರಿಸಲು ಹೋಗದೆ ಅರ್ಧ ಗಂಟೆ ಹೆಚ್ಚು ಇಡಿ. ಆರಿದ ಮೇಲೆ ಬ್ಯಾಗಿನ ಬಾಯಿಗೆ ಏನು ಕಟ್ಟುತ್ತೇನೆ ಅನ್ನುವುದೊಂದು ನನ್ನಲ್ಲೇ ಇರಲಿ.

ಜೋಳದ ಬೀಜ, ಅಂದರೆ ಅಣಬೆಯ ಎಳೆ ಹಬ್ಬಿಸಿದ ಜೋಳದ ಕಾಳು, ಕೆಜಿಗೆ 60 ಗ್ರಾಂ. ಇದರ ಎಳೆ ಚಿಪ್ಪಣಬೆಯಂತೆ ದಟ್ಟವಾಗಿ ಹಬ್ಬುವುದಿಲ್ಲ, ಜೇಡರ ಬಲೆಯಂತೆ ತೆಳ್ಳಗೆ ಕಾಣುತ್ತದೆ. ಇನ್ನೂ ಬಿಳಿಯಾಗಲಿ ಅಂತ ಕಾದರೆ ಕವರಿನೊಳಗೇ ಮೊಗ್ಗು ಕಟ್ಟಿ ಹಿಚುಕಿಹೋಗುತ್ತದೆ. ಸುಮಾರು 22ನೇ ದಿನ ಬ್ಲೇಡಿನಲ್ಲಿ ಎರಡು ಸೆಂಟಿಮೀಟರಿನ ಒಂದೇ ಒಂದು ಸೀಳು. ನಾಲ್ಕು ಸೀಳು ಹಾಕಿದರೆ ನಾಲ್ಕು ಗೋಲಿ ಸಿಗುತ್ತವೆ, ದೊಡ್ಡ ಉಂಡೆ ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂಪೂ ತೇವವೂ ಇಲ್ಲಿ ಪುಕ್ಕಟೆ, ಎಸಿ ಬೇಕಿಲ್ಲ. ಆದರೆ ಚಳಿಯೆಂದು ಕಿಟಕಿ ಮುಚ್ಚಿದರೆ ಇಂಗಾಲದ ಡೈಆಕ್ಸೈಡ್ ಏರಿ, ಉಂಡೆಯಾಗುವ ಬದಲು ಹವಳದಂತೆ ಕವಲೊಡೆಯುತ್ತದೆ. ನೀರನ್ನು ನೆಲಕ್ಕೆ, ಗೋಡೆಗೆ ಹೊಡೆಯಿರಿ. ಅಣಬೆಯ ಮೇಲೆ ಬಿದ್ದಲ್ಲಿ ಕಂದು ಕಲೆ. ಮುಳ್ಳು ಒಂದು ಸೆಂಟಿಮೀಟರ್ ಆಗುವ ಮೊದಲೇ ಕೊಯ್ಯಬೇಕು, ಹಳದಿಗೆ ತಿರುಗಿದರೆ ಕಹಿ. ಮೊದಲ ಕೊಯ್ಲು ಬ್ಯಾಗಿಗೆ 170 ಗ್ರಾಂ ಅಂದಾಜು, ಎರಡನೆಯದು 60.

ನಡುವೆ ಇಪ್ಪತ್ತು ಬ್ಯಾಗಿಗೆ ಕಾಲು ಪಾಲು ಕಾಫಿ ಸಿಪ್ಪೆ ಬೆರೆಸಿ ನೋಡಿದೆ. ಎಳೆ ಹಬ್ಬಲು ಹತ್ತು ದಿನ ಹೆಚ್ಚು ಹಿಡಿಯಿತು, ಇಳುವರಿ ಅರ್ಧ. ಸಿಪ್ಪೆಯಲ್ಲಿ ಉಳಿದ ಕೆಫೀನೇ ತಡೆದಿರಬೇಕು. ಏಲಕ್ಕಿ ಒಣಗಿಸುವ ಗೂಡಿನಲ್ಲಿ ಒಣಗಿಸಿದ್ದೂ ಕೆಟ್ಟಿತು. ಅಣಬೆ ಸ್ಪಂಜಿನಂತೆ ಹೊಗೆ ಕುಡಿದು, ಆರು ಕೆಜಿ ಹಸಿ ಮಾಲು ಯಾರಿಗೂ ಬೇಡವಾಯಿತು. ಈಗ ಕೈಯಲ್ಲಿ ಎಳೆಎಳೆಯಾಗಿ ಹರಿದು, ಕರೆಂಟ್ ಡ್ರೈಯರಿನಲ್ಲಿ 45ರಿಂದ 50 ಡಿಗ್ರಿಗೆ ಹದಿನಾಲ್ಕು ಗಂಟೆ. ಹಪ್ಪಳದಂತೆ ಮುರಿಯಬೇಕು. ಹೊರತೆಗೆದು ಒಂದು ಗಂಟೆ ತೆರೆದಿಟ್ಟರೂ ಆಟಿ (ಜುಲೈ-ಆಗಸ್ಟ್) ಮಳೆಯ ಗಾಳಿಗೆ ಮತ್ತೆ ಮೆತ್ತಗಾಗುತ್ತದೆ, ಬಿಸಿ ಆರುತ್ತಲೇ ಸೀಲ್ ಮಾಡಿ.

ಕೊಳ್ಳುವವರು ಕೇಳುವುದು ಒಂದೇ: ವಯಸ್ಸಾದವರ ಮರೆವಿಗೆ ಆಗುತ್ತದೆಯೇ? ನಾನು ಹೇಳುವುದು ಇಷ್ಟು. ಜಪಾನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮರೆವು ಶುರುವಾಗಿದ್ದ 50ರಿಂದ 80 ವರ್ಷದ 30 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ದಿನಕ್ಕೆ 3 ಗ್ರಾಂ ಪುಡಿಯ ಮಾತ್ರೆಯನ್ನು 16 ವಾರ ಕೊಟ್ಟರು. ಅವರ ಪರೀಕ್ಷೆಯ ಅಂಕ ಉಳಿದವರಿಗಿಂತ ಏರಿತು. ನಿಲ್ಲಿಸಿ ನಾಲ್ಕು ವಾರವಾದಾಗ ಇಳಿಯಿತು. ಪ್ರಯೋಗ ಚಿಕ್ಕದು. ಹಾಗಾಗಿ ಲೇಬಲ್ಲಿನ ಮೇಲೆ ರೋಗದ ಹೆಸರು ಬರೆಯುವುದಿಲ್ಲ, ಗುಣವಾಗುತ್ತದೆ ಅನ್ನುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ವೈದ್ಯರನ್ನು ಕೇಳದೆ ಕೊಡುವುದೂ ಇಲ್ಲ. ಬೀಜದ ಜೋಳವನ್ನೇ ಎಳೆ ಸಮೇತ ಬೀಸಿ ಮಾರುವವರಿದ್ದಾರೆ. ಅದರಲ್ಲಿ ಹೆಚ್ಚಿರುವುದು ಜೋಳದ ಹಿಟ್ಟು.

ದಿನಕ್ಕೆ 3 ಗ್ರಾಂ ಲೆಕ್ಕದಲ್ಲಿ ಒಬ್ಬರಿಗೆ ತಿಂಗಳಿಗೆ 90 ಗ್ರಾಂ ಪುಡಿ. ಹತ್ತು ಕೆಜಿ ಹಸಿಗೆ ಒಂದು ಕೆಜಿ ಒಣ ಬರುವುದರಿಂದ 900 ಗ್ರಾಂ ಹಸಿ, ಅಂದರೆ ನಾಲ್ಕು ಬ್ಯಾಗು. ಒಂದು ತಿಂಗಳು ಕೊಟ್ಟು ಮುಂದಿನ ತಿಂಗಳು ಇಲ್ಲ ಅನ್ನುವಂತಿಲ್ಲ. ಅದಕ್ಕೇ ಇಪ್ಪತ್ತು ಮನೆಗಿಂತ ಹೆಚ್ಚು ಒಪ್ಪಿಕೊಂಡಿಲ್ಲ, ತಿಂಗಳಿಗೆ ತಪ್ಪದೆ 80 ಬ್ಯಾಗು ಸೀಳುತ್ತೇನೆ.