ಶೇಕ್ಸ್‌ಪಿಯರ್ ನಾಟಕದಲ್ಲಿ ನೀತಿ ಹುಡುಕುವುದು ಹೇಗೆ?

ಪಾತ್ರಗಳ ಭಾಷಣ ನಂಬಬೇಡಿ, ಅವರು ಮಾಡುವುದನ್ನು ನೋಡಿ. ‘ಮೆಷರ್ ಫಾರ್ ಮೆಷರ್’ ತೆಗೆದುಕೊಳ್ಳಿ, 1604ರಲ್ಲಿ ಲಂಡನ್ನಿನ ಅರಮನೆಯಲ್ಲಿ ಆಡಿದ್ದು. ಮೊದಲು 2ನೇ ಅಂಕ ಓದಿ. ಮದುವೆಗೆ ಮುಂಚೆ ಹುಡುಗಿಯನ್ನು ಬಸಿರು ಮಾಡಿದ ಕ್ಲಾಡಿಯೋಗೆ, ಡ್ಯೂಕ್ (ಊರಿನ ದೊರೆ) ಜಾಗದಲ್ಲಿ ಆಳುತ್ತಿರುವ ಏಂಜೆಲೋ ಮರಣದಂಡನೆ ವಿಧಿಸಿದ್ದಾನೆ, ಕಾನೂನು ಅಂದ್ರೆ ಕಾನೂನು ಅಂತ. ಆದರೆ ಒಡಹುಟ್ಟಿದವನ ಜೀವ ಬೇಡಲು ಬಂದ ಇಸಬೆಲ್ಲಾಗೆ, ನನ್ನ ಜೊತೆ ಮಲಗಿದರೆ ಅವನನ್ನು ಬಿಡ್ತೀನಿ ಅನ್ನುವವನೂ ಅವನೇ! ಅವಳು ಒಪ್ಪುವುದಿಲ್ಲ. ಅವಳದ್ದು ಸರಿ ಅಲ್ವಾ? 3ನೇ ಅಂಕದಲ್ಲಿ ಕ್ಲಾಡಿಯೋ ಸಾವಿಗೆ ಹೆದರಿ ಗೋಗರೆಯುವುದನ್ನು ಓದಿ, ಇದೇ ಪ್ರಶ್ನೆ ಮತ್ತೆ ಕೇಳಿಕೊಳ್ಳಿ. ಕೊನೆಗೆ ಏಂಜೆಲೋಗೂ ಕ್ಷಮೆ ಸಿಗುತ್ತದೆ (ತೀರಾ ಅಗ್ಗದಲ್ಲಿ ಪಾರಾದ, ನನ್ನ ಪ್ರಕಾರ). ಡ್ಯೂಕ್ ನನ್ನನ್ನು ಮದುವೆ ಆಗು ಅಂದಾಗ ಇಸಬೆಲ್ಲಾಗೆ ಒಂದು ಸಾಲೂ ಇಲ್ಲ. ಅದನ್ನು ಸುಮ್ನೆ ಒಪ್ಪಿಗೆ ಅಂದುಕೊಳ್ಳದೆ, ಎರಡು ಬೇರೆ ಪ್ರದರ್ಶನಗಳ ವಿಡಿಯೋ ಹುಡುಕಿ ಹೋಲಿಸಿ ನೋಡಿ.